ಮೂರು ಕೋಟು ಬಳಿದ ಮಡಕೆ

ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ನಂಬಿಕೊಂಡು ಗಿಡ ಸಾಕುವುದೆಂದರೆ ಹುಡುಗಾಟವಲ್ಲ. ಬೇಸಿಗೆ ಕಾಲಿಟ್ಟ ಕೂಡಲೇ ಹಿತ್ತಲಿನ ಹೂಗಿಡಗಳೆಲ್ಲ ಒಂದೊಂದಾಗಿ ಒಣಗಿದವು. ಹೋದರೆ ಹೋಗಲಿ ಎಂದುಬಿಟ್ಟ ಪೇಂಟರ್. ಆದರೆ ನಿಂಬೆ ಗಿಡವನ್ನು ಬಿಡುವ ಮಾತೇ ಇಲ್ಲ. ಹೆಂಡತಿ ಹಾಸಿಗೆ ಹಿಡಿಯುವ ಮುಂಚೆ ಕೈಯಾರೆ ನೆಟ್ಟದ್ದು ಅದು. ಅವಳು ಹೋಗಿ ಒಂದು ವರ್ಷವಾಗಿತ್ತು.

"ಅವಳದು ಅಂತ ಈ ಮನೇಲಿ ಉಳಿದಿರೋದು ಇದೊಂದೇ ಜೀವ," ಎಂದ ಒಮ್ಮೆ.

"ಮತ್ತೆ ನನ್ನನ್ನೇನು ಅಂಗಡಿಯಿಂದ ತಂದಿದ್ರಾ?" ಎಂದಳು ಮಗಳು.

ಉಪಾಯ ಹೇಳಿದವಳೂ ಅವಳೇ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತಾ, "ಬುಡದ ಪಕ್ಕ ಮಣ್ಣಿನ ಮಡಕೆ ಹೂತು ನೀರು ತುಂಬಿಸಪ್ಪ. ಬೇರು ತನಗೆ ಬೇಕಾದಷ್ಟು ಕುಡ್ಕೊಳ್ಳುತ್ತೆ," ಎಂದಳು. ಅದು ಹೇಗೆ ಅಂತ ಕೇಳುವ ತಾಳ್ಮೆ ಈ ಮಹಾರಾಯನಿಗೆ ಎಲ್ಲಿಂದ ಬರಬೇಕು?

ಅದೇ ದಿನ ಮಡಕೆ ತಂದ. ತಂದವನು ಸುಮ್ಮನೆ ಹೂತಿದ್ದರೆ ಆಗುತ್ತಿತ್ತು. ನಲವತ್ತು ವರ್ಷ ಬಾಗಿಲು, ಕಿಟಕಿ, ಗೇಟುಗಳಿಗೆ ಬಣ್ಣ ಬಳಿದ ಕೈ, ಸುಮ್ಮನಿರುತ್ತದೆಯೇ? ಬರೀ ಮಣ್ಣು ನೆಲದೊಳಗೆ ಎಷ್ಟು ದಿನ ಬಾಳೀತು ಎಂದುಕೊಂಡು, ಹೆಂಡತಿಗೆ ಇಷ್ಟವಾದ ಹಸಿರು ಎಣ್ಣೆಬಣ್ಣವನ್ನು ಒಳಗೂ ಹೊರಗೂ ಮೂರು ಕೋಟು ಬಳಿದ. ಕೋಟಿಗೊಂದು ದಿನ ಒಣಗಿಸಿದ. ಆಮೇಲೆ ಹೂತು, ನೀರು ತುಂಬಿಸಿ, ತಟ್ಟೆ ಮುಚ್ಚಿದ.

ವಾರವಾದರೂ ನೀರು ಬೆರಳಷ್ಟೂ ಇಳಿಯಲಿಲ್ಲ. "ಉಳಿತಾಯ ಅಂದ್ರೆ ಇದು ನೋಡು! ನಿಮ್ಮಮ್ಮನ ಗಿಡ, ಅವಳ ಥರಾನೇ. ಏನೂ ಕೇಳೋದಿಲ್ಲ," ಎಂದು ಹಿಗ್ಗಿದ. ಎಲೆ ಮುದುರಿದಾಗ ಬಿಸಿಲನ್ನು ಬೈದ. ಉದುರತೊಡಗಿದಾಗ ಮಾತ್ರ ಮಗಳನ್ನು ಕರೆದು ತೋರಿಸಿದ.

ಭಾನುವಾರ ಮಗಳು ಮಡಕೆಯ ಸುತ್ತ ಅಗೆದಳು. ಮಣ್ಣು ಬೂದಿಯಂತೆ ಒಣಗಿತ್ತು. ಒಳಗಿನಿಂದ ಹಸಿರು ಹೊಳೆಯಿತು.

"ಅಯ್ಯೋ ಅಪ್ಪಾ! ಬಣ್ಣ ಹೊಡೆದಿದ್ದೀಯಾ? ಮಡಕೆ ಮೈಯಿಂದ ನೀರು ಜಿನುಗಬೇಕಿತ್ತು. ನೀನು ಅದರ ಬಾಯೇ ಹೊಲಿದುಬಿಟ್ಟೆಯಲ್ಲಾ! ತುಂಬಿದೆ ಅಂದ್ರೆ ಗಿಡಕ್ಕೆ ಸಾಕಾಯ್ತು ಅಂದ್ಕೊಂಡ್ಯಾ?"

ಪೇಂಟರ್ ಗುಂಡಿಯ ಪಕ್ಕ ಕೂತ. ಅವನಿಗೆ ನೆನಪಾದದ್ದು ಮಡಕೆಯಲ್ಲ, ಹೂಜಿ. ಕೊನೆಯ ದಿನಗಳಲ್ಲಿ, ಮಗಳು ಇನ್ನೂ ಬೇರೆ ಊರಲ್ಲಿದ್ದಾಗ, ಹೆಂಡತಿಯ ಹಾಸಿಗೆ ಪಕ್ಕ ತುಂಬಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದು ನೋಡಿದರೆ ತುಂಬಿಯೇ ಇರುತ್ತಿತ್ತು. ಪಾಪ, ಬಾಯಾರಿಕೆ ಆಗಿಲ್ಲ ಎಂದುಕೊಳ್ಳುತ್ತಿದ್ದ. ಆರನೆಯ ದಿನ ನೋಡಲು ಬಂದ ನರ್ಸ್, "ಇವರಿಗೆ ಹೂಜಿ ಎತ್ತೋ ಶಕ್ತಿ ಎಲ್ಲಿದೆ? ತುಟಿ ಒಡೆದಿರೋದು ಕಾಣಿಸಲ್ವಾ ನಿಮಗೆ?" ಎಂದಿದ್ದಳು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಈಗ ಮಗಳಿಗೆ ಹೇಳಿದ. ತಡವರಿಸುತ್ತಾ, ತಲೆ ಎತ್ತದೆ, ಎಲ್ಲವನ್ನೂ ಹೇಳಿದ. ಅವಳು ಎದ್ದು ಕೈಯ ಮಣ್ಣು ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ, ಅಟ್ಟದ ಮೇಲಿಂದ ಅದೇ ಹೂಜಿಯನ್ನು ಇಳಿಸಿ ತಂದಳು. ಬಣ್ಣ ಕಾಣದ ಮಣ್ಣಿನ ಹೂಜಿ. ಇಬ್ಬರೂ ಸೇರಿ ಹಸಿರು ಮಡಕೆ ಕಿತ್ತು, ಆ ಗುಂಡಿಯಲ್ಲೇ ಅದನ್ನು ಹೂತು ನೀರು ತುಂಬಿಸಿದರು. ಪೇಂಟರ್ ಕೊಂಬೆಯೊಂದನ್ನು ಉಗುರಿನಿಂದ ಕೆರೆದ. ಒಣಗಿತ್ತು. ಇನ್ನೊಂದೂ ಅಷ್ಟೇ. ಬುಡದ ಹತ್ತಿರ ಕೆರೆದಾಗ ಸಿಪ್ಪೆಯಡಿ ಒಂದು ಎಳೆ ಹಸಿರು ಕಂಡಿತು.

ಬೆಳಗ್ಗೆ ತಟ್ಟೆ ಸರಿಸಿದರೆ ನೀರು ನಾಲ್ಕು ಬೆರಳು ಇಳಿದಿತ್ತು. ಈ ಸಲ ಅವನು ಅಷ್ಟಕ್ಕೇ ನಂಬಲಿಲ್ಲ. ಬುಡದ ಮಣ್ಣಿನೊಳಗೆ ಕೈಯಿಳಿಸಿ ಮುಟ್ಟಿ ನೋಡಿದ. ತಣ್ಣಗೆ ಒದ್ದೆಯಾಗಿತ್ತು.

"ಕುಡೀತಾ ಇದೆ ಕಣೇ," ಎಂದು ಮಗಳನ್ನು ಕೂಗಿದ. ಅವಳು ಬರುವಷ್ಟರಲ್ಲಿ, ಕೈಯನ್ನು ಮಣ್ಣಿನಿಂದ ತೆಗೆಯದೆ, ಮಗುವಿನಂತೆ ಅಳುತ್ತಿದ್ದ.