ಸಣ್ಣ ಬಾಯಿಯ ಪೊಟರೆ

ಒಂದು ಊರಿನಲ್ಲಿ ಮನೆ ಕೊಳ್ಳುವವರೆಲ್ಲ ಹೆಗ್ಗಣ ಸಾಹುಕಾರನ ಕಣಜದಿಂದಲೇ ಸಾಲ ತರಬೇಕಿತ್ತು. ಸಾಹುಕಾರ ಕೆಟ್ಟವನೇನಲ್ಲ, ಬರೀ ಎಚ್ಚರದವನು. ಅವನ ಪರವಾಗಿ ಬೆಲೆ ಕಟ್ಟುವ ಹಲ್ಲಿ ಹೋಗಿ ಮನೆ ನೋಡಿ ಬರದೆ ಅವನು ಒಂದು ಕಾಳನ್ನೂ ಬಿಚ್ಚುತ್ತಿರಲಿಲ್ಲ. ಮಾರುವವರು ಮನೆಯ ಮುಂದೆ ನಿಂತು ಬೆಲೆಯನ್ನು ಗಟ್ಟಿಯಾಗಿ ಹೇಳಬೇಕು. ಹಲ್ಲಿ ಲೊಚಗುಟ್ಟಿದರೆ ಅದು ನಿಜವಾದ ಬೆಲೆ. ನೆರೆದವರು ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುವರು. ಸುಮ್ಮನಿದ್ದರೆ ಅದು ಲೊಚಗುಟ್ಟುವ ತನಕ ಬೆಲೆ ಇಳಿಸಿ ಇಳಿಸಿ ಹೇಳಬೇಕು. ಹಲ್ಲಿ ಸುಳ್ಳಿಗೆ ಲೊಚಗುಟ್ಟಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಅಲ್ಲಿನ ಕಲ್ಲುಗುಡ್ಡೆಯ ಸಂದಿಯೊಂದರಲ್ಲಿ ಒಂದು ಅಳಿಲು ತನ್ನ ಎರಡು ಎಳೆಮರಿಗಳನ್ನು ಇಟ್ಟುಕೊಂಡು ದಿನ ದೂಡುತ್ತಿತ್ತು. ಸುತ್ತ ಬೆಕ್ಕಿನ ಓಡಾಟ. ತಾಯಿಯ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೀಗಿರುವಾಗ ಹೊಂಗೆಮರದ ಪೊಟರೆಯನ್ನು ಗೊರವಂಕ ಮಾರುತ್ತದೆಂದು ತಿಳಿಯಿತು. ಬೆಲೆ ಒಂದು ಮೂಟೆ ಕಡಲೆ. ಅಳಿಲು ಪೊಟರೆಯ ಬಾಯಲ್ಲಿ ಮೈ ತೂರಿಸಿ ನೋಡಿತು. ಬೆಕ್ಕಿನ ತಲೆ ಇಲ್ಲಿ ಹಿಡಿಸದು ಎಂದು ಖಾತ್ರಿಯಾದ ಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟಿತು.

ಹಲ್ಲಿ ಬಂದು ಒಳಗೂ ಹೊರಗೂ ಹರಿದಾಡಿ ನೋಡಿತು. ಗೊರವಂಕ ಒಂದು ಮೂಟೆ ಎಂದಾಗ ಸುಮ್ಮನಿತ್ತು. ಮುಕ್ಕಾಲು ಎಂದರೂ ಸುಮ್ಮನಿತ್ತು. ಅರ್ಧ ಎಂದಾಗ ಲೊಚಗುಟ್ಟಿತು.

“ಬಾಯಿ ಸಣ್ಣದಾಯಿತಮ್ಮ,” ಎಂದಿತು ಹಲ್ಲಿ. “ದೊಡ್ಡವರು ಯಾರೂ ಕೊಳ್ಳೋದಿಲ್ಲ.”

“ನನಗೆ ಬೇಕಾಗಿರೋದೇ ಆ ಸಣ್ಣ ಬಾಯಿ, ರಾಯರೇ. ಅಲ್ಲಿ ಬಾಳೋಳು ನಾನು ತಾನೇ?”

“ನೀವು ಬಾಳೋ ಮನೆಗೆ ನಾನು ಬೆಲೆ ಕಟ್ಟೋದಿಲ್ಲ ತಾಯಿ. ಸಾಲ ತೀರಿಸದೆ ನೀವು ಓಡಿಹೋದ ಮೇಲೆ ಉಳಿಯೋ ಮನೆಗೆ ಕಟ್ಟುತ್ತೇನೆ.”

ಎಲ್ಲಿಗೂ ಓಡಿಹೋಗುವುದಿಲ್ಲವೆಂದು ಅಳಿಲು ಮರಿಗಳ ಮೇಲೆ ಆಣೆ ಇಟ್ಟಿತು. ಆಣೆ ಕೇಳುವುದು ಹಲ್ಲಿಯ ಕೆಲಸವಾಗಿರಲಿಲ್ಲ. ಸಾಹುಕಾರ ಅರ್ಧ ಮೂಟೆಗಿಂತ ಹೆಚ್ಚು ಸಾಲ ಕೊಡಲೊಪ್ಪಲಿಲ್ಲ, ಗೊರವಂಕ ಅರ್ಧಕ್ಕೆ ಇಳಿಯಲಿಲ್ಲ. ಅಳಿಲು ಕಲ್ಲುಗುಡ್ಡೆಗೇ ಮರಳಿತು.

ಆ ವಾರವೇ ಒಂದು ಮಧ್ಯಾಹ್ನ, ಅದು ಕಾಳು ಹೆಕ್ಕಲು ಹೋಗಿದ್ದಾಗ, ಬೆಕ್ಕು ಬಂದು ಹೋಯಿತು. ತಿರುಗಿ ಬಂದ ತಾಯಿಗೆ ಸಂದಿಯಲ್ಲಿ ಸಿಕ್ಕಿದ್ದು ಇನ್ನೂ ಬೆಚ್ಚಗಿದ್ದ ಹುಲ್ಲು ಮಾತ್ರ. ಆ ಸಂಕಟ ಹೇಳಿ ಮುಗಿಯುವಂಥದ್ದಲ್ಲ.

ಬೇರೆ ಗಿರಾಕಿ ಸಿಗದೆ ಗೊರವಂಕ ಕೊನೆಗೆ ಅರ್ಧ ಮೂಟೆಗೇ ಒಪ್ಪಿತು. ಕೊಂಡವನು ಸಾಹುಕಾರನೇ, ನಾಲ್ಕು ದಿನ ಇಟ್ಟುಕೊಂಡು ಮಾರುವ ಎಣಿಕೆ ಅವನದು. ಪೊಟರೆ ಕೈ ಬದಲಾದ ದಿನ ಮರದ ಕೆಳಗೆ ಊರು ನೆರೆದಿತ್ತು. ಹಲ್ಲಿ ಕಾಂಡಕ್ಕೆ ಅಂಟಿಕೊಂಡಿತ್ತು. ಅಳಿಲು ಬಂದು ಪೊಟರೆಯನ್ನೇ ನೋಡುತ್ತ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಿತು.

“ಇಲ್ಲಿಗೆ ಬೆಕ್ಕು ಬರ್ತಿರಲಿಲ್ಲ. ನನ್ನ ಮಕ್ಕಳು ಉಳೀತಿದ್ದವು.”

ಹಲ್ಲಿ ಲೊಚಗುಟ್ಟಿತು. ಯಾರೂ ಅದರ ಅಭಿಪ್ರಾಯ ಕೇಳಿರಲಿಲ್ಲ, ತಾನಾಗಿ ಬಾಯಿಂದ ಬಂದುಬಿಟ್ಟಿತ್ತು. ನೆರೆದವರು ತಲೆ ತಗ್ಗಿಸಿ ನೆಲ ಕುಟ್ಟಿದರು. ಸಾಹುಕಾರನೂ ಕುಟ್ಟಿ ‘ಕೃಷ್ಣ ಕೃಷ್ಣ’ ಎಂದ. ಅವನ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಕಣ್ಣೊರೆಸಿಕೊಂಡು ಹಲ್ಲಿಯ ಕಡೆ ತಿರುಗಿದ.

“ಬೆಕ್ಕು ಬಾರದ ಮನೆ ಅಂತ ಆಯಿತಲ್ಲ. ಹಾಗಾದರೆ ಒಂದು ಮೂಟೆ ಬಾಳುತ್ತೆ.”

ಹಲ್ಲಿ ಮತ್ತೆ ಲೊಚಗುಟ್ಟಿತು.