ಹಗ್ಗದಾಚೆಯ ಕುರ್ಚಿ

ಒಡೀಲಳ ಮಂಡಿ ಸವೆದು ಎಷ್ಟೋ ಕಾಲವಾಗಿತ್ತು. ಆದರೂ ದಿನಾ ಬೆಳಿಗ್ಗೆ ಅದೇ ಮಂಡಿ ಊರಿ ಥಿಯೋ ಬ್ರೂಸಾರನ ಮನೆಯ ನೆಲ ಒರೆಸಬೇಕು. ನ್ಯೂ ಆರ್ಲಿಯನ್ಸಿನ ಟ್ರೆಮೆ ಕೇರಿಯಲ್ಲಿ ಹುಟ್ಟಿ ಜಗತ್ತಿಗೆಲ್ಲ ಟ್ರಂಪೆಟ್ ಊದಿದ ಥಿಯೋ, ಸತ್ತ ಮೇಲೆ ಮಹಾಪುರುಷನಾದ. ಬದುಕಿದ್ದಾಗ ಕರಿಯನೆಂದು ಅವನನ್ನು ಹೋಟೆಲಿನ ಮುಂಬಾಗಿಲಿಗೆ ಬಿಡದಿದ್ದ ಊರು, ಈಗ ಅವನ ಮನೆಗೆ ಕಂಚಿನ ಫಲಕ ಜಡಿದು, ಮ್ಯೂಸಿಯಂ ಮಾಡಿ ಟಿಕೆಟ್ ಇಟ್ಟಿತು.

ಮುಂದಿನ ಕೋಣೆಯಲ್ಲಿ ಕೆಂಪು ಹಗ್ಗದಾಚೆ ಒಂದು ತೂಗುಕುರ್ಚಿ. ಥಿಯೋ ಇದರಲ್ಲಿ ಕೂತೇ ರಾಗ ಕಟ್ಟುತ್ತಿದ್ದರು ಎಂದು ಪಕ್ಕದಲ್ಲಿ ಬರೆದಿತ್ತು. ಶುದ್ಧ ಬುರುಡೆ. ಅದು ಒಡೀಲಳ ಅಮ್ಮನ ಕುರ್ಚಿ. ಅಮ್ಮ ಅದರಲ್ಲಿ ಕೂತು ಬೆಂಡೆಕಾಯಿ ಹೆಚ್ಚಿದಳು, ಮಕ್ಕಳಿಗೆ ಮೊಲೆಯೂಡಿಸಿದಳು, ಕೊನೆಗೆ ಅದರಲ್ಲೇ ಕಣ್ಣು ಮುಚ್ಚಿದಳು. ಉದ್ಘಾಟನೆಗೆ ಮನೆ ಬಣಬಣ ಅನ್ನುತ್ತದೆ, ಒಂದೆರಡು ದಿನಕ್ಕೆ ಏನಾದರೂ ಕೊಡಿ ಎಂದು ಮ್ಯಾನೇಜರ್ ಹ್ಯಾಸ್ಕೆಲ್ ಹಲ್ಲು ಗಿಂಜುತ್ತ ಕೇರಿಯೆಲ್ಲ ಸುತ್ತಿದ್ದ. ಯಾರು ಕೊಟ್ಟದ್ದೂ ವಾಪಸು ಬರಲಿಲ್ಲ. ಕೇಳಿದಾಗಲೆಲ್ಲ, ಅದೀಗ ಚರಿತ್ರೆಗೆ ಸೇರಿದ್ದು ಅನ್ನುತ್ತಿದ್ದ. ಒಡೀಲ್ ಧೂಳು ಒರೆಸುವಾಗ ಎಲ್ಲಿ ಕುರ್ಚಿಯಲ್ಲಿ ಕೂತುಬಿಟ್ಟಾಳೋ ಎಂದು ಬಾಗಿಲಲ್ಲೇ ಕಾಯುತ್ತಿದ್ದ.

ಅವತ್ತು ಭಾನುವಾರ. ಬ್ಯಾಂಡಿನ ಮೆರವಣಿಗೆ ಆ ಬೀದಿಗೆ ಬರುವುದಿತ್ತು. ಮೆರವಣಿಗೆ ಎಂದರೆ ಕೇರಿಯವರು ಮನೆಯ ಕುರ್ಚಿ ತಂದು ಬೀದಿಯಲ್ಲಿ ಹಾಕಿಕೊಂಡು ನೋಡಬೇಕು. ಒಡೀಲ್ ಒರೆಸುಬಟ್ಟೆ ಹಿಡಿದೇ ಜಗಲಿಗೆ ಬಂದಳು. ಎದುರಿನ ಕ್ಷೌರದಂಗಡಿಯ ಕ್ಲೋವಿಸ್ ಛೇಡಿಸಿದ.

"ಏನ್ ಮಿಸ್ ಒಡೀಲ್, ನಿಂತ್ಕೊಂಡೇ ನೋಡ್ತೀರಾ? ಕುರ್ಚಿ ಇಲ್ವಾ ನಿಮ್ಗೆ?"

"ಐತಲ್ಲ. ಒಳಗೆ ಹಗ್ಗ ಹಾಕಿ ಕೂಡಾಕವ್ರೆ."

ಹೇಳಿದ ಮೇಲೆ ಅವಳಿಗೇ ಮೈ ಉರಿಯಿತು. ಒಳಗೆ ಹೋಗಿ ಹಗ್ಗ ಬಿಚ್ಚಿ, ಕುರ್ಚಿಯನ್ನು ದರದರ ಎಳೆದು ತಂದು ಬೀದಿಯಲ್ಲಿ ಹಾಕಿ ಕೂತಳು. ಹ್ಯಾಸ್ಕೆಲ್ ಓಡಿ ಬಂದ. ಅದು ಥಿಯೋ ಅವರ ಕುರ್ಚಿ, ಪೊಲೀಸರನ್ನು ಕರೆಯುತ್ತೇನೆ ಎಂದು ಕೂಗಾಡಿದ.

"ಕರೀರಿ. ಬಂದೋರ್ಗೆ ಸೀಟಿನಡಿ ಕೈ ಹಾಕಿ ನೋಡಕ್ ಹೇಳಿ. ಚಿಕ್ಕೋಳಿದ್ದಾಗ ನಾನ್ ಅಂಟಿಸಿದ್ ಚೂಯಿಂಗ್ ಗಮ್ ಇನ್ನೂ ಅಲ್ಲೇ ಐತೆ."

ಬೀದಿ ಗೊಳ್ಳೆಂದಿತು. ಕ್ಲೋವಿಸ್ ಮಾತ್ರ ನಗಲಿಲ್ಲ. ಒಳಗಿದ್ದ ಗಾಜಿನ ದೀಪ ಅವನ ಅಜ್ಜಿಯದು. ಅವನು ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದ. ಅವನ ಹಿಂದೆಯೇ ಒಬ್ಬಳು ತನ್ನ ಕೆಟಲ್ಲಿಗೆ, ಇನ್ನೊಬ್ಬ ತನ್ನ ಮೇಜಿಗೆ, ಅಣ್ಣತಮ್ಮ ಇಬ್ಬರು ತಮ್ಮ ಅಪ್ಪನ ಮಂಚಕ್ಕೆ ನುಗ್ಗಿದರು. ಹ್ಯಾಸ್ಕೆಲ್ ಯಾರನ್ನೆಂದು ಹಿಡಿಯುತ್ತಾನೆ? ಬ್ಯಾಂಡು ಬರುವ ಹೊತ್ತಿಗೆ ಮಹಾಪುರುಷನ ಸಂಸಾರವೆಲ್ಲ ಬೀದಿಯಲ್ಲಿತ್ತು.

ಒಳಗೆ ನಾಲ್ಕು ಗೋಡೆ, ನೆಲದ ಮೇಲೆ ಕೆಂಪು ಹಗ್ಗ. ಟಿಕೆಟ್ ಕೊಂಡವರು ಬಾಗಿಲಲ್ಲಿ ಕಣ್ಣುಬಾಯಿ ಬಿಟ್ಟು ನಿಂತರು. ಇವರಿಗೆ ಏನನ್ನು ತೋರಿಸಲಿ ಎಂದು ಹ್ಯಾಸ್ಕೆಲ್ ತಲೆ ಚಚ್ಚಿಕೊಂಡ.

ಒಡೀಲ್ ಕುರ್ಚಿ ತೂಗುತ್ತ ಹೇಳಿದಳು: "ಆ ಖಾಲಿ ಗೋಡೇನೇ ತೋರ್ಸಿ. ಥಿಯೋ ಇದ್ದಾಗ್ಲೂ ಆ ಮನೇಲಿ ಇಷ್ಟೇ ಇದ್ದಿದ್ದು. ಹಗ್ಗ ಒಂದ್ ಇರಲಿಲ್ಲ."