ನಲವತ್ತೊಂದನೇ ಚೌಕ

ಶಶಿಕುಮಾರ್ ಶೆಟ್ಟಿಹಳ್ಳಿಗೆ ಹೊರಟಿದ್ದು ಒಂದು ಸಹಿಗೆ. ಹಾಸನದ ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಮಾತ್ರ ಹಳೇ ಸ್ನೇಹಿತನೊಬ್ಬನನ್ನು ನೋಡಿಕೊಂಡು ಬರುತ್ತೇನೆ ಅಂತ. ಸ್ನೇಹಿತನಂತೆ! ಹನ್ನೊಂದು ವರ್ಷದ ಹಿಂದೆ ಯಾರ ಕೆಲಸಕ್ಕೆ ತಾನೇ ಕಲ್ಲು ಹಾಕಿದ್ದನೋ ಅವನ ಮನೆ ಬಾಗಿಲಿಗೆ ಹೋಗುವಾಗ ಇಂಥ ಮರ್ಯಾದಸ್ಥ ಪದ ಬಾಯಿಗೆ ಬರುತ್ತದೆ ನೋಡಿ.

ಶಶಿಕುಮಾರ್ ಮೂವತ್ತು ವರ್ಷ ಮಾಡಿದ ಕೆಲಸವನ್ನು ಕೇಳಿದರೆ ನೆಂಟರು ಈಗಲೂ ನಗುತ್ತಾರೆ. ಸಮುದ್ರದ ತಳದಲ್ಲಿ ಯಾವ ಮೀನು ಎಲ್ಲೆಲ್ಲಿದೆ, ಎಷ್ಟೆಷ್ಟಿದೆ ಎಂದು ಸಮೀಕ್ಷೆ ಮಾಡುವುದು. ಹುಟ್ಟಿದ ಊರು ಮೊಸಳೆ. ಹಡಗಿನಲ್ಲಿ ಎಲ್ಲರೂ, “ಮೊಸಳೆಯಿಂದ ಬಂದವನ ಕೈಗೆ ಮೀನಿನ ಲೆಕ್ಕ ಕೊಟ್ಟರೆ ಉಳಿಯುತ್ತೇನ್ರೀ?” ಎಂದು ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಆಗ ನಗುವುದಕ್ಕೇನೂ ಅಡ್ಡಿ ಇರಲಿಲ್ಲ.

ಕೆಲಸದ ರೀತಿ ಸರಳ. ನಕ್ಷೆಯಲ್ಲಿ ಸಮುದ್ರವನ್ನು ಚೌಕ ಚೌಕವಾಗಿ ಗೆರೆ ಎಳೆದಿರುತ್ತಾರೆ. ಪಟ್ಟಿಯಲ್ಲಿ ಬಂದ ಚೌಕಕ್ಕೆ ಹೋಗಿ ತಳ ಮುಟ್ಟುವಂತೆ ಬಲೆ ಬಿಟ್ಟು ಒಂದು ಗಂಟೆ ಎಳೆಯಬೇಕು. ಮೇಲೆ ಬಂದದ್ದನ್ನೆಲ್ಲ, ತೊರಕೆ ಮೀನಿನಿಂದ ಹಿಡಿದು ಕಾಸಿಗೆ ಬಾರದ ಚಿಪ್ಪಿನವರೆಗೆ, ಬಿಡಿಸಿ, ತೂಗಿ, ಅಳೆದು ಬರೆಯಬೇಕು. ಏನೂ ಬರದಿದ್ದರೆ ಸೊನ್ನೆ. ಬಲೆಯೇ ಹರಿದು ಬಂದರೆ ಮಾತ್ರ ಸೊನ್ನೆ ಬರೆಯುವಂತಿಲ್ಲ. “ಬಲೆ ಹರಿದಿದೆ, ಲೆಕ್ಕಕ್ಕಿಲ್ಲ” ಎಂದು ಬರೆದು, ಬಲೆ ಹೆಣೆದು, ಅದೇ ಜಾಗದಲ್ಲಿ ಇನ್ನೊಮ್ಮೆ ಎಳೆಯಬೇಕು. ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವನು ಶಶಿಕುಮಾರನೇ.

ಅಪ್ಪ ತೀರಿಕೊಂಡ ವರ್ಷ ಸಮೀಕ್ಷೆ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಬಿತ್ತು. ಹಿರಿಯರಿಗೆ ಎಡೆ ಇಡುವ ಹಬ್ಬ. ಅಮ್ಮ ಕಾಮಾಕ್ಷಮ್ಮ ಹಡಗು ಹತ್ತುವ ಮೊದಲೇ ಫೋನು ಮಾಡಿ ಕಣ್ಣೀರು ಹಾಕಿದ್ದಳು: “ಇರೀಮಗ ಇಲ್ದೆ ಎಡೆ ಇಕ್ಕುದ್ರೆ ನಿಮ್ಮಪ್ಪ ಬಂದು ಅಂಗೇ ಅಸ್ಕೊಂಡು ಓಯ್ತಾರೆ ಕಣಪ್ಪ.” ಕೊನೆಯ ದಿನ, ನಲವತ್ತೊಂದನೇ ಚೌಕ. ಬಲೆ ಮೇಲೆ ಬಂದಾಗ ಅದರ ಹೊಟ್ಟೆ ಉದ್ದಕ್ಕೂ ಸೀಳಿತ್ತು. ಕೆಳಗೆ ಬಂಡೆ. ಹೆಣೆದು ಮತ್ತೆ ಎಳೆಯಬೇಕೆಂದರೆ ಇನ್ನೊಂದು ದಿನ ಬೇಕು. ಒಂದು ದಿನವೆಂದರೆ ಅಪ್ಪನ ಎಡೆ ತಪ್ಪಿಹೋಗುತ್ತದೆ. ಶಶಿಕುಮಾರ್ ಸೊನ್ನೆ ಬರೆದ. ಮೊಸಳೆ ತಲುಪಿ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ ಎಡೆಗೆ ಇಟ್ಟು ಕೈ ಮುಗಿದ. ಅಪ್ಪ ಉಂಡು ಹೋದರೆಂದು ಅಮ್ಮನಿಗೂ ಸಮಾಧಾನವಾಯಿತು.

ಅಷ್ಟಕ್ಕೇ ನಿಂತಿದ್ದರೆ ದೇವರೂ ಮಾಫಿ ಮಾಡುತ್ತಿದ್ದನೇನೋ. ಮರುವರ್ಷವೂ ಅಲ್ಲಿ ಬಲೆ ಹರಿಯಿತು, ಆಗಲೂ ಹಬ್ಬದ ನೆಪವಿತ್ತು. ಮೂರನೇ ವರ್ಷ ಬಲೆ ಹರಿಯುವ ಹೊತ್ತಿಗೆ ಹಬ್ಬ ಮುಗಿದು ವಾರವಾಗಿತ್ತು. ಆದರೂ ಕೈ ಸೊನ್ನೆಯನ್ನೇ ಬರೆಯಿತು. ಮೂರು ಸೊನ್ನೆ ನೋಡಿದ ಮೇಲಿನವರು, ಏನೂ ಸಿಗದ ಕಡೆ ಡೀಸೆಲ್ ಸುಡುವುದೇಕೆಂದು ಆ ಚೌಕವನ್ನೇ ಪಟ್ಟಿಯಿಂದ ಕೈಬಿಟ್ಟರು.

ಬಲೆ ನೋಡಿಕೊಳ್ಳುತ್ತಿದ್ದವನು ಲಕ್ಕಯ್ಯ. ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿದುಕೊಂಡಿದ್ದವನನ್ನು, ನಮ್ಮ ಕಡೆಯವನು ಅಂತ ಶಶಿಕುಮಾರನೇ ಕರೆದುಕೊಂಡು ಹೋಗಿ ಗುತ್ತಿಗೆ ಕೆಲಸಕ್ಕೆ ಸೇರಿಸಿದ್ದ. “ಸಾ, ಬಲೆ ಅರಿಯೋ ಜಾಗದಾಗೇ ಮೀನಿರೋದು. ನಮ್ ಇನ್ನೀರ್ನಾಗೂ ಅಂಗೇ, ಮುಳುಗಿರೋ ಗ್ವಾಡೆ ಸಂದೀಲೇ ದಪ್ಪ ಮೀನು. ಬಲೆ ಅಡೀಗೆ ರಬ್ಬರ್ ಗಾಲಿ ಕಟ್ಕೊಡ್ತೀನಿ, ಬಂಡೆ ಮ್ಯಾಲೆ ಉಳ್ಳಾಡ್ಕೊಂಡು ಬತ್ತದೆ” ಎಂದು ಎಷ್ಟೋ ಸಲ ಹೇಳಿದ್ದ. ಸಮೀಕ್ಷೆಯ ಬಲೆಯನ್ನು ಬದಲಾಯಿಸುವಂತಿಲ್ಲ, ಬದಲಾದರೆ ಹಿಂದಿನ ವರ್ಷದ ಲೆಕ್ಕಕ್ಕೆ ಹೋಲಿಸಲಾಗುವುದಿಲ್ಲ ಎಂದು ಶಶಿಕುಮಾರ್ ಬೇಡ ಅಂದಿದ್ದ. ಅದೊಂದು ಮಾತ್ರ ಸರಿಯಾಗಿಯೇ ಹೇಳಿದ್ದ.

ಮೂರನೇ ವರ್ಷ ತಪಾಸಣೆಗೆ ಬಂದ ಅಧಿಕಾರಿ ಕೇಳಿದರು, “ಪುಸ್ತಕದಲ್ಲಿ ಒಂದು ಸಲವೂ ಬಲೆ ಹರಿದಿಲ್ಲ. ಮತ್ತೆ ಉಗ್ರಾಣದಲ್ಲಿ ಮೂರು ಹರಿದ ಬಲೆ ಹೇಗೆ ಬಂದವು?” ಶಶಿಕುಮಾರ್ “ಇಲಿ ಕಡಿದಿರಬೇಕು ಸರ್” ಎಂದುಬಿಟ್ಟ. ಇಲಿ ಕಡಿದರೆ ತಪ್ಪು ಬಲೆ ಕಾಯುವವನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಲಕ್ಕಯ್ಯನ ಗುತ್ತಿಗೆ ಮುಗಿಯಿತು. ಅವನು ಚೀಲ ಹೆಗಲಿಗೇರಿಸಿ ಹೋಗುವಾಗ ಶಶಿಕುಮಾರ್ ಕ್ಯಾಬಿನ್ನಿನೊಳಗೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದ.

ಈಗ ನಿವೃತ್ತಿಯಾಗಿ ಎರಡು ವರ್ಷ. ಮೊನ್ನೆ ಮಾನಸಾ ಫೋನು ಮಾಡಿದಳು. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರ ಮಗಳು, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೀನಿನ ಲೆಕ್ಕದಲ್ಲಿ ಮಾತ್ರ ಎತ್ತಿದ ಕೈ. ಶಶಿಕುಮಾರನ ಕೈಕೆಳಗೇ ಕೆಲಸ ಕಲಿತವಳು. ಮೀನು ಮರಿ ಮಾಡುವ ಜಾಗಗಳಿಗೆ ದೋಣಿ ಹೋಗದಂತೆ ತಡೆಯುವ ಪಟ್ಟಿಯೊಂದು ತಯಾರಾಗುತ್ತಿತ್ತು, ಶುಕ್ರವಾರ ಕೊನೆಯ ದಿನ.

“ಸರ್, ನಲವತ್ತೊಂದರ ಸುತ್ತ ಎಲ್ಲಾ ಕಡೆ ಮೀನಿದೆ. ಅಲ್ಲಿ ಮಾತ್ರ ಮೂರು ವರ್ಷ ಮೂರು ಸೊನ್ನೆ. ತಳಕ್ಕೆ ಬಲೆ ಬಿಟ್ಟರೆ ಒಂದು ಏಡಿಯಾದರೂ ಬರಬೇಕಲ್ವಾ?” ಆಮೇಲೆ ಮೆಲ್ಲಗೆ ಕೇಳಿದಳು, “ಬಲೆ ಹರಿದಿತ್ತಾ ಸರ್?”

ಶಿಷ್ಯೆ ಸಿಕ್ಕಿಸಿದ ಕೊಕ್ಕೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹೌದು ಎಂದ. ಹಾಗಾದರೆ ತಿದ್ದಬಹುದು, ಆದರೆ ಅವತ್ತು ಹಡಗಿನಲ್ಲಿದ್ದ ಇನ್ನೊಬ್ಬರ ಸಹಿ ಬೇಕು ಎಂದಳು. ಬಲೆ ಹರಿದದ್ದನ್ನು ಕಂಡವರಲ್ಲಿ ಕ್ಯಾಪ್ಟನ್ ತೀರಿಹೋಗಿದ್ದರು. ಉಳಿದವನು ಲಕ್ಕಯ್ಯ. ಸೊನ್ನೆ ತಿದ್ದಿದರೆ ಆ ಚೌಕಕ್ಕೆ ಕಾವಲು ಸಿಗಬಹುದು, ತನ್ನ ಎದೆಯ ಮೇಲಿನ ಭಾರವೂ ಇಳಿಯಬಹುದು ಎಂದು ಶಶಿಕುಮಾರನ ಆಸೆ.

ಶೆಟ್ಟಿಹಳ್ಳಿಯಲ್ಲಿ ಲಕ್ಕಯ್ಯ ಹಿನ್ನೀರಿನ ದಡದ ಹೊಂಗೆ ಮರದ ಕೆಳಗೆ ಬಲೆ ಹೆಣೆಯುತ್ತಾ ಕೂತಿದ್ದ. ಬೇಸಿಗೆಯಾದ್ದರಿಂದ ನೀರು ಇಳಿದು, ಮಳೆಗಾಲದಲ್ಲಿ ಅರ್ಧ ಮುಳುಗುವ ಹಳೇ ಚರ್ಚಿನ ಗೋಡೆ ಬುಡದವರೆಗೂ ಕಾಣುತ್ತಿತ್ತು. ತಲೆ ಎತ್ತಿ ನೋಡಿದವನು ಎದ್ದು ನಿಂತ.

“ಓ, ಬನ್ನಿ ಸಾ. ವಸಿ ಇಳ್ದೋಗಿದ್ದೀರಿ. ಶುಗರ್ರಾ?”

ಬೈದಿದ್ದರೆ ಚೆನ್ನಾಗಿತ್ತು. ಶಶಿಕುಮಾರ್ ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತ. ಮಾನಸಾ ಹೇಳಿದ್ದನ್ನೆಲ್ಲ ಹೇಳಿ ಕಾಗದ ಮುಂದಿಟ್ಟ. ಲಕ್ಕಯ್ಯ ಅದನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ, ಪೆನ್ನು ಕೇಳಿದ, ಸಹಿ ಹಾಕಿದ. ಆಮೇಲೆ ಕಾಗದವನ್ನು ಕೊಡದೆ ತೊಡೆಯ ಮೇಲೇ ಇಟ್ಟುಕೊಂಡ.

“ಅಲ್ಲಿ ಈಗ ಏನೂ ಇಲ್ಲ ಸಾ.”

“ಏನಂದೆ?”

“ಕೆಲ್ಸ ಓದ್ಮೇಲೆ ಒಂದು ಟ್ರಾಲ್ ಬೋಟಿಗೆ ಸೇರ್ಕೊಂಡೆ. ಅವ್ರಿಗೆ ಗಾಲಿ ಬಲೆ ಕಟ್ಕೊಟ್ಟು ನಾನೇ ಜಾಗ ತೋರ್ಸಿದ್ದು. ಅದೇ ನಲವತ್ತೊಂದು. ಮೊದುಲ್ನೇ ವರ್ಸ ತೊಡೆ ಗಾತ್ರದ ಮುರು ಮೀನು. ಎರಡ್ನೇ ವರ್ಸ ಮೊಣಕೈ ಉದ್ದ. ಮೂರ್ನೇ ವರ್ಸ ಏಡಿ. ಆಮ್ಯಾಕೆ ಬಲೆ ತುಂಬ ಬರೀ ಕಲ್ಲು ಸಾ. ಬಂಡೇನೂ ಉಳೀನಿಲ್ಲ, ಉಜ್ಜಿ ಉಜ್ಜಿ ಮಟ್ಟ ಮಾಡ್ಬುಟ್ವು.”

ಶಶಿಕುಮಾರ್ ಸುಳ್ಳು ಸೊನ್ನೆಯನ್ನು ಅಳಿಸಲು ಬಂದಿದ್ದ. ಅದು ಹನ್ನೊಂದು ವರ್ಷದಲ್ಲಿ ನಿಜವಾಗಿ ಕೂತಿತ್ತು. ಅಲ್ಲಿಂದಲೇ ಮಾನಸಾಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಇಲಿಯ ಮಾತನ್ನು ಬಿಟ್ಟು.

ಆಮೇಲೆ ಮಾನಸಾ ಕೇಳಿದಳು, “ಮೊದಲು ಎಷ್ಟಿತ್ತು ಅಂತ ಗೊತ್ತಾದರೆ, ಮತ್ತೆ ಅಷ್ಟೇ ಬೆಳೆಯಬಹುದು ಅಂತ ವಾದ ಮಾಡಬಹುದು ಸರ್. ಅಂಕಿ ಏನಾದರೂ ಇದೆಯಾ?”

ಲಕ್ಕಯ್ಯ ಫೋನಿನ ಕಡೆ ಬಗ್ಗಿದ. “ಮೊದುಲ್ನೇ ದಿನ ನೂರಾ ನಲವತ್ತು ಪೆಟ್ಗೆ ಕಣವ್ವ.” ಪೆಟ್ಟಿಗೆಗೆ ಎಷ್ಟು ಕಿಲೋ, ಎಷ್ಟು ಗಂಟೆ ಎಳೆದಿರಿ, ಬಲೆಯ ಬಾಯಿ ಎಷ್ಟಗಲ, ಎಷ್ಟು ಮೀನಿನಲ್ಲಿ ತತ್ತಿ ಇತ್ತು ಎಂದು ಅವಳು ಕೇಳುತ್ತಾ ಹೋದಳು. ಅವನು ಒಂದಕ್ಕೂ ತಡವರಿಸಲಿಲ್ಲ. ಶಶಿಕುಮಾರ್ ತಲೆ ತಗ್ಗಿಸಿ ಕೇಳಿಸಿಕೊಂಡ. ತಾನು ಒಂದು ದಿನ ಹೆಚ್ಚು ನಿಂತಿದ್ದರೆ ತಾನೇ ಬರೆಯಬಹುದಾಗಿದ್ದ ಲೆಕ್ಕ ಅದು.

ಎಲ್ಲ ಬರೆದುಕೊಂಡ ಮೇಲೆ ಮಾನಸಾಳ ದನಿ ಇಳಿಯಿತು. “ಸರ್, ಗಾಲಿ ಕಟ್ಟಿದ ಬಲೆ ಇದು. ನಮ್ಮ ಲೆಕ್ಕಕ್ಕೆ ಹೊಂದಲ್ಲ, ನೀವೇ ಹೇಳಿಕೊಟ್ಟಿದ್ದು. ಸೊನ್ನೆ ಅಳಿಸಿ ಮೂರೂ ವರ್ಷ ಖಾಲಿ ಬಿಡ್ತೀನಿ. ಪುರಾವೆ ಇಲ್ಲದೆ ಪಟ್ಟಿಗೆ ಸೇರಿಸೋಕಾಗಲ್ಲ. ಸಾರಿ ಸರ್.”

ಫೋನು ಇಟ್ಟ ಮೇಲೆ ಲಕ್ಕಯ್ಯ ಮತ್ತೆ ಬಲೆ ಕೈಗೆತ್ತಿಕೊಂಡ. ಶಶಿಕುಮಾರ್ ಹೇಳಬೇಕಾದ ಮಾತು ಇನ್ನೊಂದು ಬಾಕಿ ಇತ್ತು. ಇವತ್ತೂ ಹೇಳದಿದ್ದರೆ ಸಾಯುವವರೆಗೂ ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಲಕ್ಕಯ್ಯ, ಬಲೇನ ಇಲಿ ಕಡೀತು ಅಂತ ಹೇಳಿದ್ದು ನಾನೇ ಕಣೋ. ನನ್ನ ತಪ್ಪು ಮುಚ್ಕೊಳ್ಳೋಕೆ ನಿನ್ನ ಕೆಲಸ ಕಳೆದೆ.”

“ಗೊತ್ತು ಸಾ. ಉಗ್ರಾಣದೋರು ಆವತ್ತೇ ಹೇಳುದ್ರು.” ಲಕ್ಕಯ್ಯ ಕಾಗದವನ್ನು ಮಡಿಸಿ ಅವನ ಕೈಗಿಟ್ಟ. “ಅದೇ ಕ್ವಾಪದಾಗೆ ಗಾಲಿ ಕಟ್ಟಿದ್ದು. ಒಟ್ಟೆಪಾಡಿಗೆ ಅಂತ ಎಲ್ಲಾರ್ಗೂ ಹೇಳ್ಕಂಡೆ, ಸುಳ್ಳು. ಈವಯ್ಯ ಅಲ್ಲೇನೂ ಇಲ್ಲ ಅಂತ ಬರ್ದವ್ನಲ್ಲ, ಏನೂ ಇಲ್ದಂಗೇ ಮಾಡ್ಬುಡ್ತೀನಿ ಅಂತ ಓಗಿದ್ದು. ಅತ್ತೆ ಮ್ಯಾಲಿನ್ ಕ್ವಾಪ ಕೊತ್ತಿ ಮ್ಯಾಲೆ. ಒಟ್ಟೆ ತುಂಬ ತತ್ತಿ ಇಟ್ಕೊಂಡಿದ್ವು ಸಾ ಅವು, ನಮ್ಗೇನ್ ಮಾಡಿದ್ವು? ನಿಮ್ ಮ್ಯಾಲೆ ಸಿಟ್ಟಿದ್ರೆ ನಿಮ್ಗೇ ಬಂದು ಎರಡು ಬಾರಿಸ್ಬೇಕಾಗಿತ್ತು.”

“ಬಾರಿಸ್ಬೇಕಾಗಿತ್ತು ಕಣೋ,” ಎಂದ ಶಶಿಕುಮಾರ್. “ಆವಾಗ್ಲೇ ಬಂದು ಬಾರಿಸಿದ್ರೆ ಅವು ಉಳೀತಿದ್ವು.”